ಆಟದ ಟ್ಯಾಂಕಿಗೂ ಲೆಕ್ಕ ಬೇಕು

ನಮ್ಮ ಬಳಗದಲ್ಲಿ ಕವಿತೆಯ ಒಂದು ಪದ ಆಚೀಚೆ ಆದರೆ ಅರ್ಧ ಗಂಟೆ ಜಗಳ ನಡೆಯುತ್ತದೆ. ಅದೇ ನಾನು ‘ಈ ಪ್ಲಾಸ್ಟಿಕ್ ಟ್ಯಾಂಕಿನ ಕೊಳವೆ ಸರಿಯಿಲ್ಲ’ ಅಂದರೆ ಎಲ್ಲರೂ ನಗುತ್ತಾರೆ. ‘ಮಕ್ಕಳಾಟ ಬಿಡೋ ಮಾರಾಯ’ ಅನ್ನುತ್ತಾರೆ. ಈ ನಗು ಸರಿಯಲ್ಲ ಅನ್ನುವುದೇ ನನ್ನ ವಾದ.

ಗೊತ್ತಿಲ್ಲದವರಿಗೆ ಎರಡು ಮಾತು. ಕಿಟ್ ಅಂದರೆ ಪೆಟ್ಟಿಗೆಯೊಳಗೆ ಬಿಡಿಬಿಡಿಯಾಗಿ ಬರುವ ಟ್ಯಾಂಕು. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಹೆಚ್ಚಿನವು ನಿಜವಾದದ್ದರ 35ರಲ್ಲಿ ಒಂದು ಪಾಲು. ಈ 35 ಯಾವ ಶಾಸ್ತ್ರದಿಂದಲೂ ಬಂದದ್ದಲ್ಲ. ಜಪಾನಿನ ತಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನ್ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡುವಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸಿದಾಗ ಬಂದ ಅಳತೆ ಅದು. ಆಮೇಲೆ ಲೋಕಕ್ಕೆಲ್ಲ ಅದೇ ವಾಡಿಕೆಯಾಯಿತು. ಹಾಗಾಗಿ ಹಳೇ ಕಿಟ್‌ಗಳ ತಳದಲ್ಲಿ ಸ್ವಿಚ್ಚಿನ ತೂತುಗಳಿರುತ್ತವೆ, ಚೈನಿನ ಮೇಲ್ಭಾಗ ಒಳಗೆ ಟೊಳ್ಳಾಗಿರುತ್ತದೆ. ಅವನ್ನು ಪುಟ್ಟಿಯಿಂದ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವುದು ಮೊದಲ ಕೆಲಸ.

ನಾನು ಕೈ ಹಾಕಿರುವುದು ಸೆಂಚೂರಿಯನ್ ಟ್ಯಾಂಕಿಗೆ. ನಿಜವಾದದ್ದರ ಅಗಲ 3.39 ಮೀಟರ್. 35ರಿಂದ ಭಾಗಿಸಿದರೆ ಸುಮಾರು 97 ಮಿಲಿಮೀಟರ್ ಬರಬೇಕು. ಕಿಟ್‌ನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜದಲ್ಲಿ 35 ಮಿಲಿಮೀಟರ್ ತಪ್ಪಿದ ಹಾಗೆ. ಇಷ್ಟು ಲೆಕ್ಕ ಯಾರು ಬೇಕಾದರೂ ಮಾಡಬಹುದು.

ಆದರೆ ಕಾಮರ್ಸ್ ಓದುವವರಿಗೆ ಒಂದು ಮಾತು ಗೊತ್ತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಯಾರದೋ ಖಾತೆಗೆ ಹಾಕಬೇಕಾದ್ದನ್ನು ಇನ್ಯಾರದೋ ಖಾತೆಗೆ ಹಾಕಿದ್ದರೂ ಮೊತ್ತ ತಾಳೆಯಾಗುತ್ತದೆ. ಮಾಡೆಲ್ಲೂ ಹಾಗೆಯೇ. ಉದ್ದ ಅಗಲ ಎಲ್ಲಾ ಸರಿ, ಟ್ಯಾಂಕೇ ಬೇರೆ! ತಾಮಿಯಾ ಪೆಟ್ಟಿಗೆಯ ಮೇಲಿರುವುದು ಮಾರ್ಕ್ 3. ಅದಾದ ಮೇಲೆ ಮಾರ್ಕ್ 5, 7 ಎಂದು ಎಷ್ಟೋ ಬಂದವು. ಮೆಷಿನ್‌ಗನ್ ಬದಲಾಯಿತು, ಇಂಧನದ ಟ್ಯಾಂಕು ದೊಡ್ಡದಾಯಿತು, ಕೊಳವೆಯ ನಡುವೆ ಹೊಗೆ ಹೀರುವ ಉಬ್ಬು ಬಂತು. ಪೆಟ್ಟಿಗೆಯಲ್ಲಿದ್ದುದನ್ನು ಹಾಗೇ ಅಂಟಿಸಿ, ಮೇಲೊಂದು ತ್ರಿವರ್ಣ ಬಳಿದು ‘ನಮ್ಮ ಟ್ಯಾಂಕು’ ಅನ್ನುವುದು ತಪ್ಪು ಖಾತೆಗೆ ಜಮಾ ಮಾಡಿದಂತೆ.

ನಮ್ಮದು ಅಂದರೆ ಯಾವುದು? 1971ರ ಡಿಸೆಂಬರ್ 16ರಂದು ಶಕರ್‌ಗಢ ಕಡೆಯ ಬಸಂತರ್ ನದಿಯ ಕಾಳಗದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಇದ್ದದ್ದು ಸೆಂಚೂರಿಯನ್ನಿನಲ್ಲಿ. ಆ ಟ್ಯಾಂಕಿನ ಹೆಸರು ಫಾಮಗುಸ್ತಾ. ಬೆಂಕಿ ಹತ್ತಿದ ಟ್ಯಾಂಕು ಬಿಟ್ಟು ಬಾ ಎಂದು ಆಜ್ಞೆ ಬಂದರೂ ಬಿಡಲಿಲ್ಲ, ಅಲ್ಲೇ ತೀರಿಕೊಂಡರು. ಪರಮವೀರ ಚಕ್ರ ಬಂತು. ಆಗ ವಯಸ್ಸು 21. ನನಗಿಂತ ಒಂದೇ ವರ್ಷ ದೊಡ್ಡವರು! ನೊಯ್ಡಾದ ಅರುಣ್ ವಿಹಾರದ ಮೇಲೆ ನಾವು ದಿನಾ ಓಡಾಡುತ್ತೇವೆ, ಆ ಅರುಣ್ ಯಾರೆಂದು ಎಷ್ಟು ಜನ ಕೇಳಿದ್ದೇವೆ?

‘ಯುದ್ಧದ ಆಟಿಕೆ ಯಾಕಯ್ಯಾ ಬೇಕು’ ಎಂದು ಬಳಗದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆಯೇ. ನನ್ನ ಉತ್ತರ ಇಷ್ಟು. ಯುದ್ಧವನ್ನು ಪೂಜಿಸುವವರಿಗೆ ನಿಖರತೆ ಬೇಕಿಲ್ಲ, ಘೋಷಣೆ ಸಾಕು. ಸರಿಯಾಗಿ ಮಾಡಲು ಹೊರಟವನಿಗೆ ಮಾತ್ರ ಬೇರೆ ಸಂಗತಿಗಳು ಕಾಣುತ್ತವೆ. ಸೆಂಚೂರಿಯನ್ನಿಗೆ ನಾಲ್ಕು ಜನ ಬೇಕು: ಕಮಾಂಡರ್, ಗನ್ನರ್, ಗುಂಡು ತುಂಬುವವನು, ಡ್ರೈವರ್. ಮುಚ್ಚಳ ಕತ್ತರಿಸುವಾಗ ಅದು ಎಷ್ಟು ಕಿರಿದು ಅಂತ ತಿಳಿಯುತ್ತದೆ. ಎಂಜಿನ್ ಪೆಟ್ರೋಲಿನದು ಅಂತ ಓದಿದಾಗ ‘ಬೆಂಕಿ ಹತ್ತಿತು’ ಅನ್ನುವ ಎರಡು ಪದದ ಅರ್ಥ ಬೇರೆಯೇ ಆಗುತ್ತದೆ.

ಹಾಗಂತ ಬೋಲ್ಟು ಎಣಿಸುತ್ತಾ ಜನ್ಮ ಕಳೆಯಿರಿ ಅನ್ನುತ್ತಿಲ್ಲ. ಅಂಥವರ ಟ್ಯಾಂಕು ಎಂದೂ ಮುಗಿಯುವುದಿಲ್ಲ. ಯಾವ ಮಾರ್ಕ್, ಯಾವ ರೆಜಿಮೆಂಟ್, ಯಾವ ದಿನ ಎಂಬುದನ್ನು ಕೆಡಿಸುವ ತಪ್ಪನ್ನು ತಿದ್ದಲೇಬೇಕು, ಉಳಿದದ್ದು ಕೈಲಾದಷ್ಟು. ದುಬಾರಿ ಸಾಮಾನೂ ಬೇಕಿಲ್ಲ. ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಗೆ ಕಾಯಿಸಿ ಎಳೆದರೆ ಏರಿಯಲ್ ಆಯಿತು. ಅಂಟನ್ನು ತೆಳ್ಳಗೆ ಬಳಿದು ಬ್ರಷ್ಷಿನಿಂದ ಕುಕ್ಕಿದರೆ ಎರಕದ ಗೋಪುರದ ತರಿತರಿ ಬಂತು.

ಕಷ್ಟ ಇರುವುದು ಮಾಹಿತಿಯದು. ಇಲ್ಲೇ ಒಂದು ಕಡೆ ಕಟ್ಟೆಯ ಮೇಲೆ ನಿಲ್ಲಿಸಿದ ಹಳೇ ಟ್ಯಾಂಕಿನ ಅಳತೆ ತೆಗೆಯೋಣ ಅಂತ ಹೋದೆ. ಬೆಸುಗೆಯ ಗೆರೆ, ನಂಬರು ಏನೂ ಕಾಣದ ಹಾಗೆ ಹಸಿರು ಬಣ್ಣವನ್ನು ಪದರಪದರವಾಗಿ ಬಳಿದಿದ್ದಾರೆ. ಬೋರ್ಡಿನಲ್ಲಿ ಅದರ ಹೆಸರೂ ಇಲ್ಲ, ಇಸವಿಯೂ ಇಲ್ಲ. ಟೇಪು ತೆಗೆದ ಕೂಡಲೇ ಕಾವಲಿನವನು ಓಡಿಸಿದ. ನಿಜವಾದ ಟ್ಯಾಂಕಿಗೇ ಗುರುತಿಲ್ಲ ಅಂದಮೇಲೆ ಆಟಿಕೆಯನ್ನು ನೋಡಿ ನಗುವುದು ಯಾಕೆ? ಅಹ್ಮದ್‌ನಗರದಲ್ಲಿ, ಅಂದರೆ ಈಗಿನ ಅಹಿಲ್ಯಾನಗರದಲ್ಲಿ, 1994ರಲ್ಲಿ ತೆರೆದ ಟ್ಯಾಂಕ್ ಮ್ಯೂಸಿಯಂ ಇದೆ. ಅಂಥದ್ದು ಇನ್ನಷ್ಟು ಬೇಕು.

ಗೆಳೆಯರೇ, ನಿಮ್ಮ ಮನೆಗಳಲ್ಲಿ ಸೈನ್ಯದಲ್ಲಿದ್ದ ದೊಡ್ಡಪ್ಪ, ಸೋದರಮಾವ ಇದ್ದರೆ ಹೋಗಿ ಕೇಳಿ. ಹಳೇ ಫೋಟೋ ಇದ್ದರೆ ಅದರ ಹಿಂದೆ ಹೆಸರು, ಊರು, ತಾರೀಖು ಬರೆದಿಡಿ. ಅವರು ಹೋದ ಮೇಲೆ ಯಾವ ಪೆಟ್ಟಿಗೆಯಲ್ಲೂ ಅದು ಸಿಗುವುದಿಲ್ಲ.