ವಿದ್ಯಾರ್ಥಿಗಳ ವಿವರ: ಕಾಯುವವರು ಯಾರು?

ಕಾಕತಿಯಂಥ ಊರಿನ ಶಾಲೆಗಳಲ್ಲಿ ಹಿಂದೆ ವಿದ್ಯಾರ್ಥಿಯ ಹೆಸರು, ಜನ್ಮದಿನಾಂಕ, ಜಾತಿ, ತಂದೆಯ ಉದ್ಯೋಗ ಇವೆಲ್ಲವೂ ದಾಖಲಾತಿ ವಹಿಯಲ್ಲಿದ್ದು, ಆ ವಹಿಯು ಮುಖ್ಯಾಧ್ಯಾಪಕರ ಕಪಾಟಿನಲ್ಲಿ ಭದ್ರವಾಗಿರುತ್ತಿತ್ತು. ಕೀಲಿಕೈ ಅವರ ಬಳಿಯೇ. ಇಂದು ಅವೇ ವಿವರಗಳು ಭಾವಚಿತ್ರ, ದೂರವಾಣಿ ಸಂಖ್ಯೆಗಳೊಡನೆ ಅಭ್ಯಾಸದ ಆ್ಯಪ್‌ಗಳ ಮೂಲಕ ಯಾವುದೋ ದೂರದ ಕಂಪ್ಯೂಟರನ್ನು ಸೇರುತ್ತಿವೆ. ಅಲ್ಲಿಯ ಕೀಲಿಕೈ ಯಾರಲ್ಲಿದೆಯೆಂದು ಕೇಳುವವರು ವಿರಳ.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ತರುವಾಯ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಹದಿನೆಂಟು ತುಂಬದವರ ವಿವರಗಳನ್ನು ಬಳಸಲು ಪಾಲಕರ ಸಮ್ಮತಿ ಬೇಕೆಂದು ವಿಧಿಸಿತು. ಆದರೆ 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು, ಶಿಕ್ಷಣ ಮತ್ತು ಸುರಕ್ಷತೆಗಾಗಿ ಮಕ್ಕಳ ಚಟುವಟಿಕೆಯನ್ನು ಗಮನಿಸುವಷ್ಟರ ಮಟ್ಟಿಗೆ ಶಾಲೆಗಳಿಗೆ ವಿನಾಯಿತಿಯನ್ನಿತ್ತಿವೆ. ವಿನಾಯಿತಿ ದೊರೆತ ಮಾತ್ರಕ್ಕೆ ಹೊಣೆ ಇಳಿಯಲಿಲ್ಲ. ಕಾನೂನು ಸಡಿಲಿಸಿದಲ್ಲಿ ಶಾಲೆಯ ವಿವೇಕವೇ ಕಾವಲಾಗಬೇಕು.

ಆ ವಿವೇಕ ಎಲ್ಲೆಡೆ ಕಾಣುತ್ತಿಲ್ಲ. ಇಡೀ ತರಗತಿಯ ಅಂಕಪಟ್ಟಿಯನ್ನು ವಾಟ್ಸಾಪ್ ಗುಂಪಿನಲ್ಲಿ ಹರಿಬಿಡುವುದನ್ನು ಸೌಕರ್ಯವೆನ್ನುವವರುಂಟು. ನಪಾಸಾದ ಹುಡುಗನ ಅಂಕಗಳು ಅವನ ತಂದೆಗೆ ತಿಳಿಯುವ ಮೊದಲೇ ಓಣಿಗೆಲ್ಲ ತಿಳಿದಿರುತ್ತವೆ! ಇನ್ನು, ‘ಅಪಾರ್’ ಗುರುತಿನ ಸಂಖ್ಯೆಗಾಗಿ ಪಾಲಕರಿಂದ ಪಡೆಯುವ ಒಪ್ಪಿಗೆ ಪತ್ರ. ಸಹಿ ಮಾಡುವ ತಾಯಿಗೆ ಅದನ್ನು ಕನ್ನಡದಲ್ಲಿ, ಮರಾಠಿ ಮನೆಯವರಾದರೆ ಮರಾಠಿಯಲ್ಲಿ, ಓದಿ ತಿಳಿಸಬೇಕು. ಬೇಡವೆನ್ನಲು ಅವಕಾಶವುಂಟೆಂಬುದನ್ನೂ ಸಹಿಗೆ ಮೊದಲೇ ಹೇಳಬೇಕು. ಪಾಲಕರ ಸಭೆಯಲ್ಲಿ ಇದಕ್ಕೆ ಅರ್ಧ ಗಂಟೆ ಸಾಕು.