ಹೊದಿಕೆ ಹಾಕಿದ ಪುಸ್ತಕ

ಕಳೆದ ವಾರ ನನ್ನ ವಿದ್ಯಾರ್ಥಿಯೊಬ್ಬನು ಇಂಗ್ಲಿಷ್ ಕಾದಂಬರಿಯೊಂದನ್ನು ತಂದು ಮೇಜಿನ ಮೇಲಿಟ್ಟನು. ಅದು ಒಂದು ಮಾಲೆಯ ಮೊದಲನೆಯ ಸಂಪುಟ. ಇಂದಿನ ಮಹಾನಗರ, ಅದರ ಓಣಿಗಳಲ್ಲಿ ಮಾಟಗಾರರು, ಪ್ರೇತಗಳು, ಅವುಗಳ ನಡುವೆ ಗಂಡನ್ನೇ ಪ್ರೀತಿಸುವ ಒಬ್ಬ ಗಂಡು. “ಸರ್, ಕನ್ನಡದಲ್ಲಿ ಇಂಥದು ಉಂಟೇ?” ಎಂದು ಕೇಳಿದನು.

ಕನ್ನಡ ಎಂ.ಎ. ಮಾಡಿದವನಿಗೆ ‘ಇಲ್ಲ’ ಎನ್ನಲು ಅಭಿಮಾನ ಅಡ್ಡಬರುತ್ತದೆ. ಒಡನೆಯೇ ಯಕ್ಷಗಾನವನ್ನು ನೆನೆದೆ. ಬಂಟ್ವಾಳದ ಗದ್ದೆಯಲ್ಲಿ ಬಯಲಾಟವಾದರೆ ಮೋಹಿನಿಯಾಗಿ ಗಂಡಸೇ ಕುಣಿಯುತ್ತಾನೆ. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನು ನೋಡಲು ನಮ್ಮ ಹಿರಿಯರು ಬೆಳಗಿನವರೆಗೆ ನಿದ್ದೆಗೆಟ್ಟು ಕುಳಿತಿದ್ದರು. ಊರ್ವಶಿಯ ಶಾಪದಿಂದ ಅರ್ಜುನನು ಬೃಹನ್ನಳೆಯಾದನು. ಸ್ಥೂಣಾಕರ್ಣನೆಂಬ ಯಕ್ಷನ ದಯೆಯಿಂದ ಶಿಖಂಡಿಯು ಗಂಡಾದನು. “ನಿನ್ನ ಇಂಗ್ಲಿಷಿನವರು ಈಗ ಬರೆಯುತ್ತಿರುವುದನ್ನು ನಾವು ಎಂದೋ ಆಡಿ ಮುಗಿಸಿದ್ದೇವೆ” ಎಂದು ಬೀಗಿದೆ.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಅವರಿಗೆಲ್ಲ ಶಾಪವಿತ್ತು, ವರವಿತ್ತು. ಎರಡೂ ಇಲ್ಲದವನ ಕಥೆ?” ಎಂದನು.

ಅವನ ಮಾತು ಸರಿಯಾದದ್ದೇ. ಬೃಹನ್ನಳೆ, ಶಿಖಂಡಿಯರ ಕಥೆ ದೇಹ ಬದಲಾದ ಕಥೆ. ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವವನ ಕಥೆ ಬೇರೆ. ಅವನ ನೆರವಿಗೆ ಕಾಡಿನಿಂದ ಯಕ್ಷನು ಬರುವುದಿಲ್ಲ, ‘ಮದುವೆ ಯಾವಾಗ?’ ಎಂದು ಕೇಳುತ್ತ ನೆಂಟರು ಬರುತ್ತಾರೆ.

ಅಂಥ ಕಥೆ ಕನ್ನಡದಲ್ಲಿ ಉಂಟು, ನನ್ನ ಕಪಾಟಿನಲ್ಲಿಯೂ ಇತ್ತು. 2013ರಲ್ಲಿ ಪ್ರಕಟವಾದ ವಸುಧೇಂದ್ರರ ‘ಮೋಹನಸ್ವಾಮಿ’. ಲೇಖಕರು ಸಂಡೂರಿನವರು, ನಮ್ಮ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ವರ್ಷಗಟ್ಟಲೆ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದವರು. ಈ ಕಥೆಗಳಲ್ಲಿ ಮಾಟವಿಲ್ಲ, ಮಂತ್ರವಿಲ್ಲ. ಒಟ್ಟಿಗೆ ಬಾಳಿದ ಗೆಳೆಯನು ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿಯು ಅಳುವುದಕ್ಕೂ ಹಕ್ಕಿಲ್ಲದವನಂತೆ ನಿಲ್ಲುತ್ತಾನೆ. ಹೆಂಡತಿ ಸತ್ತರೆ ಊರೇ ಬಂದು ಸಮಾಧಾನ ಹೇಳುತ್ತದೆ; ಇವನ ದುಃಖಕ್ಕೆ ಹೆಸರೇ ಇಲ್ಲ. ಕೊನೆಗೆ ಆಫ್ರಿಕದ ಕಿಲಿಮಂಜಾರೋ ಪರ್ವತವನ್ನೇರುವ ಕಥೆ ಬರುತ್ತದೆ. ತನ್ನನ್ನು ತಾನು ಒಪ್ಪಿಕೊಳ್ಳಲು ಒಬ್ಬ ಮನುಷ್ಯನು ಅಷ್ಟು ದೂರ ಹೋಗಬೇಕಾಯಿತಲ್ಲ ಎಂದು ಓದುಗನ ಮನಸ್ಸು ಕುಗ್ಗುತ್ತದೆ.

ಪುಸ್ತಕ ಪ್ರಕಟವಾದ ವರ್ಷವನ್ನು ಗಮನಿಸಬೇಕು. ಇಂಥ ಪ್ರೀತಿಯನ್ನು ಅಪರಾಧವೆನ್ನುತ್ತಿದ್ದ 377ನೆಯ ವಿಧಿಯನ್ನು 2009ರಲ್ಲಿ ದೆಹಲಿಯ ಹೈಕೋರ್ಟು ಸಡಿಲಿಸಿತ್ತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಅದನ್ನು ಮತ್ತೆ ಊರ್ಜಿತಗೊಳಿಸಿತು. ವಯಸ್ಕರ ಸಮ್ಮತಿಯ ಪ್ರೀತಿ ಅಪರಾಧವಲ್ಲವೆಂಬ ತೀರ್ಪು ಬಂದುದು 2018ರ ಸೆಪ್ಟೆಂಬರ್ 6ರಂದು. ನಡುವಿನ ಆ ವರ್ಷಗಳಲ್ಲಿ ಈ ಪುಸ್ತಕ ತನ್ನ ಪಾಡಿಗೆ ಕೈಯಿಂದ ಕೈಗೆ ನಡೆಯಿತು.

ನನ್ನ ಕೈಗೆ ಬಂದಾಗ ನಾನು ಮಾಡಿದ್ದೇನು? ಹಳೆಯ ಪತ್ರಿಕೆಯಿಂದ ಅದಕ್ಕೊಂದು ಹೊದಿಕೆ ಹಾಕಿದೆ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಅದನ್ನು ಓದುತ್ತಿದ್ದಾಗ, ವೇಣೂರಿನಲ್ಲಿ ಹತ್ತಿದ ಹಿರಿಯರೊಬ್ಬರು “ಏನು ಓದುವುದು ಮಾಷ್ಟ್ರೇ?” ಎಂದು ವಿಚಾರಿಸಿದರು. “ಬೆಂಗಳೂರಿನ ಹುಡುಗನೊಬ್ಬನ ಕಥೆ” ಎಂದೆ. ಸುಳ್ಳೇನೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಹೊದಿಕೆ ಹಾಕಿದ್ದು ಪುಸ್ತಕದ ರಕ್ಷಣೆಗಲ್ಲ, ನನ್ನ ರಕ್ಷಣೆಗೆ.

ಮೂಡುಬಿದಿರೆಯವರಿಗೆ ಇದು ಹೊಸದಲ್ಲ. ರತ್ನಾಕರವರ್ಣಿಯು ‘ಭರತೇಶ ವೈಭವ’ವನ್ನು ಬರೆದಾಗ, ಅದನ್ನು ಆನೆಯ ಮೇಲೆ ಮೆರೆಸಲು ಗುರುಗಳು ಒಪ್ಪಲಿಲ್ಲವೆಂದೂ, ನೊಂದ ಕವಿಯು ಕೆಲಕಾಲ ಮತವನ್ನೇ ತೊರೆದನೆಂದೂ ಐತಿಹ್ಯವಿದೆ. ಈಗ ಆ ಕವಿಯ ಹೆಸರನ್ನು ಬಿಟ್ಟು ಈ ಊರಿನ ಹಿರಿಮೆಯನ್ನು ಹೇಳುವವರಿಲ್ಲ. ಮೆರವಣಿಗೆ ತಪ್ಪಿಸಿದವರ ಹೆಸರು ಯಾರಿಗೆ ನೆನಪಿದೆ?

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಈ ಪ್ರಸ್ತಾಪವೇಕೆ ಎನ್ನುವವರುಂಟು. ಅವರಿಗೆ ನನ್ನ ವಿನಂತಿ ಇಷ್ಟೆ: ಇದು ಮನೆಯೊಳಗಿನ ವಿಚಾರವೇ. ಚೌಕಿಯಲ್ಲಿ ಸೀರೆಯುಟ್ಟವನಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಮನೆಯ ಮಗನ ನಡೆ ತುಸು ಮೆದುವಾದರೆ ‘ಹೆಣ್ಣಿಗ’ ಎಂದು ಮೂದಲಿಸುತ್ತೇವೆ. ಆಟವನ್ನು ಒಪ್ಪಿದವರು ಬಾಳನ್ನು ಒಪ್ಪಲಿಲ್ಲ. ಹೀಗಾಗಿ ನಮ್ಮ ಹುಡುಗನು ತನ್ನ ಮುಖವನ್ನು ಪರದೇಶದ ಪ್ರೇತಗಳ ನಡುವೆ ಹುಡುಕಬೇಕಾಗಿದೆ. ಇದ್ದರೂ ಇರಬಹುದು, ಇಲ್ಲದಿದ್ದರೂ ಇರಬಹುದು. ಏಕೆ ಕೇಳಿದೆಯೆಂದು ನಾನು ಅವನನ್ನು ಕೇಳಲಿಲ್ಲ.

ಮರುದಿನ ಪುಸ್ತಕವನ್ನು ಹೊದಿಕೆಯ ಸಮೇತ ಅವನಿಗೆ ಕೊಟ್ಟೆ. ನಾಲ್ಕು ದಿನಗಳ ಬಳಿಕ ಹಿಂದಿರುಗಿಸಿದನು. ಹೊದಿಕೆಯನ್ನು ತೆಗೆದು, ನೀಟಾಗಿ ಮಡಚಿ, ಪುಟಗಳ ನಡುವೆ ಇಟ್ಟಿದ್ದನು. “ಇದು ನಿಮ್ಮದು ಸರ್” ಎಂದನು.

ಹೊದಿಕೆಯನ್ನು ಮತ್ತೆ ಹಾಕಿಲ್ಲ. ಪುಸ್ತಕ ಈಗ ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತೆ, ‘ಭರತೇಶ ವೈಭವ’ದ ಪಕ್ಕದಲ್ಲಿದೆ.