ಬಿಸಿಲಿನ ಮೇಲೇಕೆ ದೂರು?

ಬಸ್ ಸ್ಟಾಂಡ್ ಮುಂದಿನ ರಸ್ತೆ ನೋಡಿ ಸ್ವಾಮಿ. ಡಾಂಬರು ಹಾಕಿ ವರ್ಷ ತುಂಬಿಲ್ಲ, ಗಾಲಿ ಹೋದ ಕಡೆ ಉದ್ದಕ್ಕೂ ಹಳ್ಳದ ಜಾಡು! ಮಳೆ ಬಂದರೆ ಕೆಸರು ನೇರ ಅಂಗಡಿ ಮೆಟ್ಟಿಲಿಗೆ, ಪ್ರಯಾಣಿಕರ ಪಂಚೆಗೆ. ಕೇಳಿದರೆ ‘ಬಿಸಿಲು, ಬಸ್ಸಿನ ಭಾರ’ ಅಂತಾರೆ. ಇವೇನು ಹೊಸದೇ?

ಬಸ್ಸು ನಿಂತು ಹೊರಡುವ ಜಾಗಕ್ಕೆ ಗಟ್ಟಿ ಜಾತಿಯ ಡಾಂಬರೇ ಬೇಕು. 2013ರ ಭಾರತೀಯ ಮಾನಕದಂತೆ 60 ಡಿಗ್ರಿ ಶಾಖದಲ್ಲಿ ವಿಜಿ-30 ಡಾಂಬರಿನ ಸ್ನಿಗ್ಧತೆ ಕನಿಷ್ಠ 2400 ಪಾಯ್ಸ್, ವಿಜಿ-40ರದ್ದು 3200. ಅಂಕಿ ಹೆಚ್ಚಿದಷ್ಟೂ ಬಿಸಿಲಿಗೆ ಹರಿಯೋದು ಕಡಿಮೆ. ಜಲ್ಲಿಯೂ ಮೂಲೆ ಇರುವಂತೆ ಒಡೆದದ್ದಿರಬೇಕು. ಉರುಟು ಕಲ್ಲು ಒಂದನ್ನೊಂದು ಹಿಡಿಯೋಲ್ಲ. ಡಾಂಬರು ಅತಿಯಾದರೂ ಕಲ್ಲು ಜಾರುತ್ತೆ.

ಮತ್ತೆ ತೇಪೆ ಹಾಕುವ ಮುನ್ನ ಯಾವ ಡಾಂಬರು, ಎಂಥ ಜಲ್ಲಿ ಅಂತ ಬೋರ್ಡು ಬರೆದು ನಿಲ್ಲಿಸಿ. ಓದೋಕೆ ಬಸ್ಸಿಗೆ ಕಾಯುವ ಜನ ಬೇಕಾದಷ್ಟಿದ್ದಾರೆ.